ಬಾವಿಯ ಕಲ್ಲಿಗೆ ಪಾಲಿಶ್

ಪಾಲಿಶಿನ ಮೂರನೆಯ ಸುತ್ತು ಮುಗಿಯುವ ಹೊತ್ತಿಗೆ ಕಲ್ಲಿನ ಬಣ್ಣ ಮೇಲೇಳತೊಡಗಿತು. ದೇವೀಂದ್ರಪ್ಪ ಮಷಿನ್ ನಿಲ್ಲಿಸಿ ಪೈಪಿನ ನೀರು ಬಿಟ್ಟು, ಮೇಲೆ ಕೂತಿದ್ದ ಬೂದು ರಾಡಿಯನ್ನು ಅಂಗೈಯಿಂದ ಬಳಿದು ತೆಗೆದ. ಒಳಗಿನಿಂದ ಮಳೆಮೋಡದಂಥ ಕಪ್ಪು ಎದ್ದು ಬಂತು. ಇಪ್ಪತ್ತಾರು ವರ್ಷ ಶಹಾಬಾದಿನ ಪರ್ಸಿಗಳನ್ನು, ನೆಲಕ್ಕೆ ಹಾಸುವ ಚಪ್ಪಡಿಗಳನ್ನು, ಉಜ್ಜಿದವನು ಅವನು. ಇಂಥ ಕಲ್ಲು ಈಗಿನ ಗಣಿಗಳಲ್ಲಿ ಸಿಗುವುದಿಲ್ಲವೆಂದು ಅವನಿಗೆ ಮುಟ್ಟಿದರೇ ಗೊತ್ತಾಗುತ್ತಿತ್ತು.

"ಕರೆಂಟು ನಂದು, ನೀರು ನಂದು, ಮಾಲು ಮಾತ್ರ ನಿಂದು. ಭಾಳ ಛಲೋ ಧಂದಾ ಹಿಡದಿ ದೇವಿಂದ್ರಣ್ಣ," ಎಂದು ಶೌಕತ ಅಲಿ ಬಾಗಿಲಲ್ಲಿ ನಿಂತು ನಕ್ಕ. ದೇವೀಂದ್ರಪ್ಪ ದುಡಿಯುವ ಪಾಲಿಶ್ ಕಾರಖಾನೆ ಅವನದು. ಶುಕ್ರವಾರ ಕೆಲಸ ಬಂದ್. ನಮಾಜು ಮುಗಿಸಿ, ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ಇತ್ತ ಬಂದಿದ್ದ.

"ನಮ್ಮಪ್ಪನ ಬಾವಿ ಕಲ್ಲ್ರಿ ಭಾಯಿ. ಐತಾರ ದಿನ ನನ್ನ ಮಗಳು ಶ್ರುತಿಗಿ ಪರಿಚಯದ ಸರ್ ಒಬ್ಬರು ಬರ್ಲಿಕತ್ತಾರ. ಇದನ್ನೇ ನೋಡಬೇಕಂತ."

"ಕಲ್ಲು ನೋಡ್ಲಿಕ್ಕಿ ಶಹಾಬಾದಕ್ಕ ಬರ್ತಾರ? ಇಲ್ಲಿ ಕಲ್ಲು ಬಿಟ್ಟು ಬ್ಯಾರೆ ಏನರೆ ತೋರಸಿದ್ರ ನಾ ಇನಾಮು ಕೊಡ್ತೀನಿ." ಶೌಕತ ಅಲಿ ಹತ್ತಿರ ಬಂದು ಬಗ್ಗಿ ನೋಡಿದ. ನಗು ನಿಂತಿತು. "ಮಾಲು ಖರೇನೆ ಛಲೋ ಅದ ಬಿಡು. ಈ ತುದಿಗಿ ಒಂದು ಗೀರು ಉಳದದಲ್ಲ?"

"ಮಷಿನ್ ಕಲ್ಲನ್ನ ಹಿಡಕೊಂಡಿದ್ದ ಜಾಗ. ಉಜ್ಜೋ ಚಕ್ರ ಅಲ್ಲಿ ತನಕಾ ಮುಟ್ಟಲಿಲ್ಲ. ಆಮ್ಯಾಲ ನಾಲ್ಕು ಬೆರಳಷ್ಟು ಕೊಯ್ದು ತೆಗದರಾಯ್ತು."

ಮಷಿನ್ನಿಗೆ ಹಾಕುವ ಮೊದಲು ಆ ಕಲ್ಲಿನ ಮೇಲೆ ಅಂಥ ಗೀರುಗಳು ಹತ್ತಾರು ಇದ್ದವು. ಕಾಗಿಣಾ ಹೊಳೆಯ ದಂಡೆಯ ಮೇಲೆ ಮನೆತನದವರಿಗೆ ಒಂದು ಬಾವಿಯಿತ್ತು. ಅದರ ಒಳಗೋಡೆಗೆ ಆಳೆತ್ತರದ ಈ ಕಲ್ಲನ್ನು ನಿಲ್ಲಿಸಿದ್ದರು. ದೇವೀಂದ್ರಪ್ಪನ ತಂದೆ ಸಾಯಬಣ್ಣ ಪ್ರತಿ ಬೇಸಿಗೆಯ ಕೊನೆಯ ಅಮಾಸಿ ದಿನ ಬಾವಿಗಿಳಿದು, ಗಂಗವ್ವನಿಗೆ ಕಾಯಿ ಒಡೆದು, ನೀರು ಎಲ್ಲಿಗೆ ನಿಂತಿದೆಯೋ ಅಲ್ಲಿ ಉಳಿಯಿಂದ ಒಂದು ಗೆರೆ ಹೊಡೆಯುತ್ತಿದ್ದ. ಪಕ್ಕದಲ್ಲಿ ಅವನಿಗಷ್ಟೇ ತಿಳಿಯುವ ಚುಕ್ಕೆಗಳು, ಯಾವ ವರ್ಷವೆಂಬ ಗುರುತಿಗೆ. ಅಕ್ಷರ ಕಲಿತವನಲ್ಲ. ಸಾಯುವ ಹಿಂದಿನ ಬೇಸಿಗೆಯವರೆಗೂ ಅದನ್ನು ತಪ್ಪಿಸಲಿಲ್ಲ. ಅವನು ಹೋದ ಮೇಲೆ ಬಾವಿ ಬತ್ತಿತು, ಕಸ ತುಂಬಿತು. ಅವನ ಹೆಂಡತಿ ಯಂಕಮ್ಮ ಹಟ ಹಿಡಿದು ಕಲ್ಲನ್ನು ಕೀಳಿಸಿ ತಂದು ಅಂಗಳದ ಬೇವಿನ ಗಿಡದ ಕೆಳಗೆ ಅರ್ಧ ಹೂಳಿ ನಿಲ್ಲಿಸಿದ್ದಳು. ಸೋಮವಾರಕ್ಕೊಮ್ಮೆ ಅದರ ತಲೆಯ ಮೇಲೆ ಒಂದು ತಂಬಿಗೆ ನೀರು, ಗೆರೆಗಳಿಗೆ ಕುಂಕುಮ.

ಯಂಕಮ್ಮ ಈಗ ತೆಂಗಳಿಯ ಮಗಳ ಮನೆಗೆ ಹೋಗಿ ಎಂಟು ದಿನವಾಗಿತ್ತು. ದೇವೀಂದ್ರಪ್ಪ ಕಲ್ಲನ್ನು ಅಗೆದು ತೆಗೆದಾಗ ಮಣ್ಣೊಳಗಿದ್ದ ಭಾಗದಲ್ಲಿಯೂ ಸಾಲುಸಾಲು ಗೆರೆಗಳು ಕಂಡಿದ್ದವು. ಒಂದು ಗಳಿಗೆ ಕೈ ನಿಂತದ್ದು ನಿಜ. ಆದರೆ ಅವನ ಧಂದೆಯಲ್ಲಿ ಗೀರು ಬಿದ್ದ ಪರ್ಸಿ ಎಂದರೆ ಡಾಗಿ ಮಾಲು. ಅದನ್ನು ದನದ ಕೊಟ್ಟಿಗೆಗೆ ಹಾಸುತ್ತಾರೆ, ಪಡಸಾಲೆಗಲ್ಲ. ಅಷ್ಟು ದೂರದಿಂದ ಬರುವ ದೊಡ್ಡವರ ಮುಂದೆ ಡಾಗಿ ಕಲ್ಲು ಇಟ್ಟು ಮಗಳ ಮಾನ ಕಳೆಯುವುದೆ? ಇಪ್ಪತ್ತೇಳು ವರ್ಷದ ಮಗಳಿಗೆ ಕೊಡಲು ಅವನ ಕೈಯಲ್ಲಿ ಇದ್ದದ್ದು ಇದೊಂದು ಕೆಲಸ. ಅದನ್ನಾದರೂ ನೆಟ್ಟಗೆ ಮಾಡಬೇಕು.

ಶ್ರುತಿ ಎಂ.ಎಸ್ಸಿ. ಮುಗಿಸಿ ಚಿಂಚೋಳಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಅಲ್ಲಿಯೇ ಒಂದು ಖೋಲಿ ಹಿಡಿದಿದ್ದಳು. ಹದಿನೈದು ದಿನಕ್ಕೊಮ್ಮೆ ಮನೆ. ಮೂರು ವರ್ಷದಿಂದ ಪಿಎಚ್.ಡಿ. ಹುಡುಕುತ್ತಿದ್ದಳು. ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆ ಎಂಬ ವಿಷಯದ ಹೆಸರು ದೇವೀಂದ್ರಪ್ಪನ ಬಾಯಲ್ಲಿ ಹೊರಳುತ್ತಿರಲಿಲ್ಲ. ಕೇಳಿದವರಿಗೆ, "ನೀರು, ಅಡವಿ ಉಳಸೋ ಓದು," ಎನ್ನುತ್ತಿದ್ದ. ಖಾಸಗಿ ವಿಶ್ವವಿದ್ಯಾಲಯದವರು ಕರೆದರು, ಅಲ್ಲಿನ ಒಂದು ವರ್ಷದ ಫೀ ಇವನ ಎರಡು ವರ್ಷದ ಪಗಾರ. ಸರಕಾರಿಯಲ್ಲಿ ಫೀ ಕಡಿಮೆ, ಆದರೆ ಗೈಡುಗಳ ಹತ್ತಿರ ಸೀಟು ಖಾಲಿಯಿಲ್ಲ. ಮನೆಯಲ್ಲೇ ಕೂರಿಸಿ ಮಾಡಿಸುತ್ತೇನೆ ಎಂದವನೊಬ್ಬ ಮುಂಗಡ ಕೇಳಿದ. ಆ ಡಿಗ್ರಿಗೆ ಬೆಲೆಯಿಲ್ಲವೆಂದು ಅವಳೇ ಬಿಟ್ಟಳು. ಹೋದ ವರ್ಷ ಹೈದರಾಬಾದಿನ ಕಡೆ ಸೀಟು ಸಿಕ್ಕೇ ಬಿಟ್ಟಿತ್ತು. ಅಂದು ಊಟಕ್ಕೆ ಕೂತಾಗ ಅವಳು ಮೊಬೈಲಿನಲ್ಲಿ ಏನೋ ನಕ್ಷೆ ತೋರಿಸಿ, ಭೂಮಿಯೊಳಗಿನ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಬಿಡಿಸಿ ಹೇಳತೊಡಗಿದ್ದಳು. ದೇವೀಂದ್ರಪ್ಪ ರೊಟ್ಟಿ ಮುರಿಯುತ್ತ, "ಖರ್ಚು ಎಷ್ಟು ಬರ್ತದವ್ವಾ?" ಎಂದ. ಅವಳು ಮೊಬೈಲು ಆರಿಸಿದಳು. ಹಾಸ್ಟೆಲ್ಲು, ಓಡಾಟ ಎಲ್ಲಾ ಕೂಡಿಸಿ ಹೇಳಿದಳು. ಅಷ್ಟು ಹಣ ಅವನ ಹತ್ತಿರ ಇರಲಿಲ್ಲ, ಸೀಟು ಕೈಬಿಟ್ಟಿತು. ಅಂದಿನಿಂದ ಅವಳು ಅಪ್ಪನಿಗೆ ಫೀ ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ, ಅವನು ಬೇರೇನೂ ಕೇಳುತ್ತಿರಲಿಲ್ಲ.

ಈ ಸಲದ ಜಾಗ ಧಾರವಾಡದ ಕಡೆಯ ಒಂದು ಸಂಸ್ಥೆ. ಸಿದ್ದಲಿಂಗೇಶ ಎಂಬ ಪ್ರೊಫೆಸರರಿಗೆ ಹಳೆಯ ಬಾವಿಗಳ ಮೇಲೆ ಪ್ರಾಜೆಕ್ಟು ಬಂದಿತ್ತು. ಫೀ ಇಲ್ಲ, ತಿಂಗಳಿಗೆ ಸಂಬಳ, ಸೀಟು ಒಂದೇ. ಕೊನೆಗೆ ಇಬ್ಬರು ಉಳಿದಿದ್ದರು, ಒಬ್ಬಳು ಶ್ರುತಿ. "ಸರ್ ಅಜ್ಜನ ಕಲ್ಲು ನೋಡ್ಲಿಕ್ಕಿ ಬರ್ತಾರ ಯಪ್ಪಾ. ನೋಡಿದ ಮ್ಯಾಲ ಬುಧವಾರ ಹೆಸರು ಕಳಸ್ತಾರ. ಅಗದು ತೆಗದು ಇಡು," ಎಂದಿದ್ದಳು ಫೋನಿನಲ್ಲಿ. ಅಷ್ಟೇ. ಯಾಕೆ ನೋಡುತ್ತಾರೆಂದು ಅವಳು ಹೇಳಲಿಲ್ಲ. "ಫೀ ಇಲ್ಲೇನು ಖರೇನೆ?" ಎಂದು ಅವನು ಎರಡು ಸಲ ಕೇಳಿದ.

ಭಾನುವಾರ ಹತ್ತು ಗಂಟೆಗೆ ವಾಡಿ ಸ್ಟೇಷನ್ನಿನಿಂದ ಶ್ರುತಿ ಸರ್ ಅವರನ್ನು ಆಟೋದಲ್ಲಿ ಕರೆದುಕೊಂಡು ಬಂದಳು. ಸಿದ್ದಲಿಂಗೇಶ ಸರ್ ದೇವೀಂದ್ರಪ್ಪ ಅಂದುಕೊಂಡ ಹಾಗಿರಲಿಲ್ಲ. ಸಣಕಲು ಮೈ, ಹೆಗಲಿಗೊಂದು ಜೋಳಿಗೆ, ಅದರಿಂದ ಹೊರಚಾಚಿದ ಸುತ್ತಿದ ಬಿಳಿ ಹಾಳೆ. ಕೈಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತರು. ದೇವೀಂದ್ರಪ್ಪನ ಹೆಂಡತಿ ಜಗದೇವಿ ಚಹಾ ತಂದಳು.

"ಖುರ್ಚಿ ತರಸ್ತೀನಿ ಸರ್, ಅದರ ಮ್ಯಾಲ ಕುಂದ್ರಿ," ಎಂದ ದೇವೀಂದ್ರಪ್ಪ.

"ಬ್ಯಾಡ್ರೀ ದೇವೀಂದ್ರಪ್ಪನವರ, ಇಲ್ಲೇ ತಂಪದ. ರಾತ್ರಿಯೆಲ್ಲಾ ನಿದ್ದಿ ಹತ್ತಿಲ್ಲ ನೋಡ್ರಿ, ನಿಮ್ಮ ಅಪ್ಪಾರದೇ ಧ್ಯಾನ." ಅವರು ಚಹಾವನ್ನು ಎರಡು ಗುಟುಕಿಗೆ ಮುಗಿಸಿದರು. "ನಾನು ಮೂವತ್ತು ವರ್ಷದಿಂದ ಬಾವಿ ನೋಡಕೋತ ತಿರಗೇನಿ. ಹಿಂಗ ವರ್ಷಾ ವರ್ಷಾ ಒಬ್ಬ ಮನಷ್ಯಾ..." ಎಂದವರು ನಿಲ್ಲಿಸಿ ಎದ್ದರು. "ಮೊದಲ ತೋರಸ್ರಿ. ಮಾತು ಆಮೇಲೆ."

ಬೇವಿನ ಕೆಳಗೆ ಎರಡು ಚೀಲದ ಮೇಲೆ ಕಲ್ಲನ್ನು ಮಲಗಿಸಿ, ಹೊಸ ಟವೆಲ್ಲು ಹೊದಿಸಿದ್ದ. ಶ್ರುತಿ ಸರ್ ಅವರ ಜೋಳಿಗೆಯಿಂದ ಟೇಪು, ಇದ್ದಿಲಿನ ತುಂಡು ತೆಗೆದುಕೊಂಡು ಮುಂದೆ ಬಂದಳು. ಅವಳ ಮುಖ ಹತ್ತನೆಯ ತರಗತಿಯ ರಿಸಲ್ಟಿನ ದಿನ ಇದ್ದಂತಿತ್ತು. ದೇವೀಂದ್ರಪ್ಪ ಟವೆಲ್ಲು ಎಳೆದ.

ಬೇವಿನ ಟೊಂಗೆಗಳು, ಅವುಗಳ ನಡುವಿನ ಆಕಾಶ, ಬಗ್ಗಿದ ಮೂರು ತಲೆಗಳು ಎಲ್ಲಾ ಕಲ್ಲಿನೊಳಗೆ ಕಂಡವು.

ಶ್ರುತಿ ಮೊಣಕಾಲೂರಿ ಕೂತಳು. ಅಂಗೈಯನ್ನು ಕಲ್ಲಿನ ಈ ತುದಿಯಿಂದ ಆ ತುದಿಗೆ ಎಳೆದಳು. ಮತ್ತೆ ಬೆರಳ ತುದಿಯಿಂದ, ಮೆಲ್ಲಗೆ.

"ಯಪ್ಪಾ, ಗೆರಿ?"

"ತೆಗದೀನವ್ವಾ," ಎಂದ ದೇವೀಂದ್ರಪ್ಪ. ದನಿಯಲ್ಲಿ ಇನ್ನೂ ಹೆಮ್ಮೆಯಿತ್ತು. "ಮೂರು ಸುತ್ತು ಹೊಡದೀನಿ. ಇಡೀ ಕಲ್ಲಿಗಿ ಒಂದೂ ಉಳದಿಲ್ಲ ನೋಡು, ಈ ತುದಿದೊಂದು ಬಿಟ್ಟು. ಅದನ್ನೂ..."

ಮಗಳ ಮುಖ ನೋಡಿ ಮಾತು ಅಲ್ಲಿಗೇ ನಿಂತಿತು. ಸರ್ ಅವಳ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ತಲೆ ವಾರೆ ಮಾಡಿ, ಬೆಳಕಿಗೆ ಓರೆಯಾಗಿ ಕಲ್ಲನ್ನು ಬಹಳ ಹೊತ್ತು ನೋಡಿದರು. ಎದ್ದು ಮತ್ತೊಂದು ಬದಿಗೆ ಹೋಗಿ ನೋಡಿದರು.

"ಎಷ್ಟಿದ್ದುವು ಎಣಿಸಿದ್ದಿರೇನ್ರಿ?"

"ಇಲ್ರಿ."

"ಚುಕ್ಕಿ? ಬಾಜೂಕ ಚುಕ್ಕಿ ಇದ್ದುವಂತಲ್ಲ."

"ಇದ್ದುವ್ರಿ. ಎಲ್ಲಾ ಗೆರಿಗೂ ಇದ್ದುವು."

ಶ್ರುತಿ ಮೊಬೈಲು ತೆಗೆದಳು. ಅವಳ ಹತ್ತಿರ ಇದ್ದದ್ದು ಒಂದೇ ಚಿತ್ರ. ಹೋದ ದೀಪಾವಳಿಗೆ ತೆಗೆದದ್ದು, ಮಣ್ಣಿನ ಮೇಲಿದ್ದ ಅರ್ಧ ಕಲ್ಲು, ಕುಂಕುಮ ಮೆತ್ತಿ ಐದಾರು ಗೆರೆ ಮಾತ್ರ ತಿಳಿಯುವಂಥದ್ದು. ಸರ್ ಅದನ್ನು ಮೊದಲೇ ನೋಡಿದ್ದರು. ಈಗ ಮತ್ತೆ ನೋಡಿ ಹಿಂದಿರುಗಿಸಿದರು. ತುದಿಯ ಗೆರೆಗೆ ಟೇಪು ಹಿಡಿದು, ಬಿಟ್ಟರು.

"ಇದು ಕೊನೀದು. ಒಂದೇ ಗೆರಿ ಇದ್ರ ಯಾತರಿಂದ ಅಳೆಯೋದವ್ವಾ?" ಎಂದರು ಮೆತ್ತಗೆ. ಗೆರೆಗಳ ಅಚ್ಚು ತೆಗೆಯಲೆಂದು ಸುತ್ತಿ ತಂದಿದ್ದ ಹಾಳೆಯನ್ನು ಬಿಡಿಸಲೇ ಇಲ್ಲ.

ಜಗದೇವಿ ಊಟಕ್ಕೆ ಹಾಕಿದಳು. ಅವರು ಎರಡು ರೊಟ್ಟಿ ತಿಂದರು, ಶೇಂಗಾ ಚಟ್ನಿ ಛಲೋ ಆಗಿದೆ ಎಂದರು, ಅದನ್ನೇ ಇನ್ನೊಮ್ಮೆ ಎಂದರು. ಹೊರಡುವಾಗ ಆಟೋದ ಹತ್ತಿರ ನಿಂತು ಶ್ರುತಿಗೆ, "ಆ ಇನ್ನೊಬ್ಬ ಹುಡುಗನ ಹತ್ತಿರ ಹತ್ತು ವರ್ಷದ ಬಾವಿ ನೀರಿನ ಲೆಕ್ಕ ಅದ. ಕಮಿಟಿ ಮುಂದ ನಾನು ಬಾಯಿ ಮಾತು ಇಡಲಿಕ್ಕ ಬರೂದಿಲ್ಲ," ಎಂದರು. "ಮುಂದ ಪ್ರಾಜೆಕ್ಟು ಬಂದ್ರ ಮೊದಲ ನಿನಗ ತಿಳಸ್ತೀನಿ." ಅವಳು, "ಹೂಂ ಸರ್," ಎಂದಳು. ದೇವೀಂದ್ರಪ್ಪ ಕೈಮುಗಿದ. ಮುಗಿದ ಕೈಯ ಸಂದಿಯಲ್ಲಿ ಶುಕ್ರವಾರದ ಬೂದು ರಾಡಿ ಇನ್ನೂ ಹೋಗಿರಲಿಲ್ಲ.

ಮಧ್ಯಾಹ್ನ ಅವಳು ಬೇವಿನ ಕೆಳಗೇ ಕೂತಿದ್ದಳು. ಅವನು ಒಳಗೆ ಹೋದ, ಹೊರಗೆ ಬಂದ, ಅಗೆದ ಗುಂಡಿಗೆ ಸುಮ್ಮನೆ ಎರಡು ಬುಟ್ಟಿ ಮಣ್ಣು ಹಾಕಿದ. ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ.

"ನಂದೇ ತಪ್ಪು ಯಪ್ಪಾ," ಎಂದಳು ಕೊನೆಗೆ. "ಮೂರು ವರ್ಷ ಊರೂರು ಹುಡಕೀನಿ. ಅಂಗಳದಾಗಿನ ಕಲ್ಲು ಎಲ್ಲಿ ಹೋಗ್ತದ, ಆಮ್ಯಾಲ ಅಳದರಾಯ್ತು ಅಂತ ಬಿಟ್ಟಿದ್ದೆ."

ದೇವೀಂದ್ರಪ್ಪ ಗುಂಡಿಯ ದಂಡೆಗೆ ಕೂತ. "ಅದು ಏನು ಓದವ್ವಾ?" ಎಂದ.

ಅವಳು ಅವನತ್ತ ನೋಡಿದಳು. ಅವನು ಕೇಳುತ್ತಿರುವುದು ಫೀ ಅಲ್ಲವೆಂದು ತಿಳಿಯಲು ಅವಳಿಗೆ ತುಸು ಸಮಯ ಹಿಡಿಯಿತು. ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಗೀಚಿದಳು. ಇದು ಕಾಗಿಣಾ, ಇದು ನಮ್ಮ ಬಾವಿ, ಇವು ಗಣಿಗಳು. ಗಣಿ ಆಳವಾದ ಹಾಗೆ ಸುತ್ತಲಿನ ಬಾವಿಗಳ ನೀರು ಅತ್ತ ಸರಿಯುತ್ತದೋ, ಮಳೆ ಕಡಿಮೆಯಾಗಿ ಇಳಿಯುತ್ತದೋ, ಯಾರ ಹತ್ತಿರವೂ ಹಳೆಯ ಲೆಕ್ಕವಿಲ್ಲ. ವರ್ಷಕ್ಕೊಂದು ಗೆರೆ ಇದ್ದರೆ ಮಳೆಯ ಲೆಕ್ಕದ ಪಕ್ಕ ಇಟ್ಟು ಹೇಳಬಹುದು. ಹೇಳಿದರೆ ಉಳಿದ ಬಾವಿಗಳನ್ನಾದರೂ ಹಿಡಿದು ನಿಲ್ಲಿಸಬಹುದು. ಅವನು ಕಿವಿಗೊಟ್ಟು ಕೇಳಿದ. ನಡುವೆ ಒಂದು ಸಲ, "ಗಣಿ ಇಲ್ಲಿ ಅಲ್ಲವ್ವಾ, ಇನ್ನೂ ಈ ಕಡಿ ಇತ್ತು ಮೊದಲು," ಎಂದು ಕಡ್ಡಿ ಇಸಿದುಕೊಂಡು ತಿದ್ದಿದ. ಅವಳು, "ಹೌದೇನು? ಯಾವಾಗ?" ಎಂದಳು. ಹೇಳಿದ. ಅವಳ ಕಣ್ಣು ಒಂದು ಗಳಿಗೆ ಹೊಳೆದು, ಕಲ್ಲಿನ ಕಡೆ ಹೋಗಿ ಆರಿತು.

"ಇಷ್ಟ ಇತ್ತೇನು," ಎಂದ ದೇವೀಂದ್ರಪ್ಪ. "ಮೊದಲ ಕೇಳಬೇಕಿತ್ತು ನಾ."

ಸಂಜೆ ಇಬ್ಬರೂ ಕೂಡಿ ಕಲ್ಲನ್ನೆತ್ತಿ ಬೇವಿನ ಬೊಡ್ಡೆಗೆ ಒರಗಿಸಿ ನಿಲ್ಲಿಸಿದರು. ಗುಂಡಿಯಲ್ಲಿ ಹೂಳಿದರೆ ತುದಿಯ ಗೆರೆ ಮಣ್ಣೊಳಗೆ ಹೋಗುತ್ತಿತ್ತು, ಹಾಗಾಗಿ ಹೂಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಯಂಕಮ್ಮ ಮಗಳ ಊರಿನಿಂದ ಕಾಳಗಿ ಬಸ್ಸಿನಲ್ಲಿ ಬಂದಿಳಿದಳು. ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಅವಳಿಗೆ ಯಾರೂ ಏನೂ ಹೇಳಲಿಲ್ಲ.

ಬೆಳಿಗ್ಗೆ ಸೋಮವಾರ. ಶ್ರುತಿ ಚಿಂಚೋಳಿಯ ಮೊದಲ ಬಸ್ಸಿಗೆ ಚೀಲ ಹಾಕಿಕೊಂಡು ಬಾಗಿಲಿಗೆ ಬಂದಾಗ ಯಂಕಮ್ಮ ಮಿಂದು, ತಂಬಿಗೆ ಹಿಡಿದು ಬೇವಿನ ಕಡೆ ನಡೆದಿದ್ದಳು. ದೇವೀಂದ್ರಪ್ಪ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತವನು ಎದ್ದು ನಿಂತ. ಮುದುಕಿ ಎಂದಿನಂತೆ ಎಡಗೈ ಚಾಚಿ ಗೆರೆಗಳನ್ನು ತಡಕಿದಳು. ಕೈ ಜಾರಿತು. ಮತ್ತೆ ಚಾಚಿದಳು.

"ಇದ್ಯಾರ ಕಲ್ಲೋ ದೇವಿಂದ್ರ? ನಿಮ್ಮಪ್ಪಂದು ಎಲ್ಲಿ?"

ಶ್ರುತಿ ಚೀಲ ಕೆಳಗಿಟ್ಟು ಹೋಗಿ, ಅಜ್ಜಿಯ ಕೈ ಹಿಡಿದು ಕೆಳಗಿಳಿಸಿದಳು, ಇನ್ನೂ ಕೆಳಗೆ, ತುದಿಯವರೆಗೆ. ಯಂಕಮ್ಮನ ಬೆರಳು ಅಲ್ಲಿ ನಿಂತಿತು. ಮುದುಕಿ ತಂಬಿಗೆಯೆತ್ತಿ ಕಲ್ಲಿನ ತಲೆಯ ಮೇಲೆ ಸುರಿದಳು. ಮೊದಲಾದರೆ ನೀರು ಗೆರೆಗೊಮ್ಮೆ ತಂಗಿ, ಎಳೆಎಳೆಯಾಗಿ ಮಿಂಚಿ, ಸಾವಕಾಶ ಇಳಿಯುತ್ತಿತ್ತು. ಈಗ ಎಲ್ಲಿಯೂ ನಿಲ್ಲದೆ ಒಂದೇ ಸಲಕ್ಕೆ ಜಾರಿ, ನೆಲಕ್ಕೆ ಬೀಳುವ ಮುಂಚೆ, ಆ ಒಂದು ಗೆರೆಯಲ್ಲಿ ನೂಲಿನಷ್ಟು ಉಳಿಯಿತು.