ಗೋಡೆಯ ಕಾರ್ಡು

ನಾಚಿಕೆ ನನಗೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ. ಆದರೆ ಲೆಕ್ಕದಲ್ಲಿ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಆಗುವವಳಲ್ಲ ಎಂದು ಆಫೀಸಿನಲ್ಲಿ ನನಗೆ ಹೆಸರಿದೆ. ಆ ಹೆಸರನ್ನು ಉಳಿಸಿಕೊಳ್ಳಲು ಹೋಗಿಯೇ ನಾನು ಕೆಟ್ಟದ್ದು.

ನಮ್ಮದು ಮೇಜಿನ ಮೇಲೆ ಆಡುವ ಬೇಸ್‌ಬಾಲ್ ಆಟ ತಯಾರಿಸುವ ಪುಟ್ಟ ಕಂಪನಿ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಕಾರ್ಡು. ದಾಳ ಉರುಳಿಸಿ, ಬಿದ್ದ ಸಂಖ್ಯೆಯ ಎದುರು ಕಾರ್ಡಿನಲ್ಲಿ ಏನಿದೆ ಎಂದು ನೋಡಬೇಕು. ಚೆಂಡು ಬೇಲಿ ದಾಟಿತೋ, ಯಾರ ಕೈಗೆ ಸಿಕ್ಕಿತೋ, ಯಾರ ಕೈಯಿಂದ ಜಾರಿತೋ ಗೊತ್ತಾಗುತ್ತದೆ. ಮುತ್ತಜ್ಜನ ಕಾಲದವನೂ ಮೊನ್ನೆ ಮೊನ್ನೆ ಆಡಿದವನೂ ಒಂದೇ ಮೇಜಿನ ಮೇಲೆ ಎದುರಾಗುವುದೇ ಇದರ ಮಜಾ. ಅವರನ್ನು ಸರಿತೂಗಿಸುವುದು ನನ್ನ ಕೆಲಸ. ಹಿಂದೆ ಮೈದಾನವೆಂದರೆ ಕಲ್ಲುಮಣ್ಣು, ಕೈಗವಸೆಂದರೆ ಅಂಗೈಯಗಲದ ತೊಗಲು. ಚೆಂಡು ಎಲ್ಲರ ಕೈಯಿಂದಲೂ ಜಾರುತ್ತಿತ್ತು. ಈಗಿನವರಿಗೆ ಜಮಖಾನ ಹಾಸಿದಂಥ ಹುಲ್ಲು, ಮೊರದಗಲದ ಗವಸು. ಹಾಗಾಗಿ ಒಬ್ಬನನ್ನು ಅಳೆಯಬೇಕಾದರೆ ಅವನ ಕಾಲದವರ ಪಕ್ಕದಲ್ಲೇ ನಿಲ್ಲಿಸಿ ಅಳೆಯಬೇಕು. ಇದಕ್ಕೆ ನಾವು ಆಫೀಸಿನಲ್ಲಿ ಕಾಲದ ತಕ್ಕಡಿ ಅನ್ನುತ್ತೇವೆ.

ನನ್ನ ಸೋದರಮಾವ ಆ ಕಲ್ಲುಮಣ್ಣಿನ ಕಾಲದವನು. ಮೂರನೆಯ ಬೇಸ್, ಅಂದರೆ ಓಡುವವರು ಮುಟ್ಟಬೇಕಾದ ಮೂರನೆಯ ನೆಲೆ, ಕಾಯುತ್ತಿದ್ದ. ನೆಲ ಸವರಿಕೊಂಡು ಬಂದ ಚೆಂಡು ಅವನನ್ನು ದಾಟುತ್ತಿರಲಿಲ್ಲವಂತೆ, ಜನ ಅವನನ್ನು ಗೋಡೆ ಎಂದೇ ಕರೆಯುತ್ತಿದ್ದರು. ಅಪ್ಪ ನಮ್ಮನ್ನು ಬಿಟ್ಟುಹೋದ ಮೇಲೆ ನನ್ನನ್ನೂ ಅಮ್ಮನನ್ನೂ ತನ್ನ ಮನೆಗೆ ಕರೆತಂದು, ಒಂದು ದಿನವೂ ಹಂಗಿನ ಮಾತಾಡದೆ ಸಾಕಿದವನು ಅವನು. ಮನೆಗೆ ಯಾರೇ ಬರಲಿ, ಅವರು ಚಪ್ಪಲಿ ಬಿಡುವಷ್ಟರಲ್ಲಿ ಗೋಡೆಯ ಕಥೆ ಶುರುವಾಗುತ್ತಿತ್ತು. “ಸಾಕು ಮಾವ, ಅವರ ತಲೆ ತಿನ್ಬೇಡ” ಎಂದು ನಾನು ರೇಗುತ್ತಿದ್ದೆ. ಅವನಿಗೆ ಬೇರೆ ಆಸ್ತಿಪಾಸ್ತಿ ಏನಿತ್ತು ಹೇಳಿ? ಇದ್ದದ್ದು ಅದೊಂದು ಹೆಸರು.

ಈ ಸಲ ಹಳೆಯ ಆಟಗಾರರ ಕಾರ್ಡು ಮಾಡಿದೆವು. ಮಾವನನ್ನು ತಕ್ಕಡಿಗೆ ಹಾಕಿದೆ. ಚೆಂಡು ಹಿಡಿಯುವುದರಲ್ಲಿ ಅವನು ಎಲ್ಲರಿಗಿಂತ ಮೇಲೆ ಬಂದು ಕೂತ, ಈಗಿನ ದೊಡ್ಡ ದೊಡ್ಡ ತಾರೆಗಳಿಗಿಂತಲೂ ಮೇಲೆ. ತಿರುಗಿ ಲೆಕ್ಕ ಹಾಕಿದರೂ ಅದೇ. ಅಂದರೆ ಮುದುಕ ಬಡಾಯಿ ಕೊಚ್ಚುತ್ತಿರಲಿಲ್ಲ! ನಾನು ಕುಣಿದಾಡಬೇಕಿತ್ತು. ಅಷ್ಟರಲ್ಲಿ ಕಾರ್ಡಿಗೆ ಚಿತ್ರ ಬರೆಯುವ ನಮ್ಮ ಚಿತ್ರಗಾರ ನನ್ನ ಹಿಂದಿನಿಂದ ಇಣುಕಿದ.

“ಓಹೋ! ಸೋದರಮಾವನಿಗೆ ಒಂದು ಸೌಟು ಜಾಸ್ತಿನೇ ಬಡಿಸಿದ ಹಾಗಿದೆ!”

“ಬಾಯಿ ಮುಚ್ಕೊಂಡು ಬಣ್ಣ ಹಚ್ಚು ಹೋಗು” ಎಂದೆ.

ಅವನು ನಗುತ್ತಾ ಹೋದ, ಆ ಮಾತನ್ನು ಅಲ್ಲಿಗೇ ಮರೆತೂಬಿಟ್ಟ. ನನಗೆ ಮಾತ್ರ ಅದು ಮೈಗೆ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ನಾಳೆ ಎಲ್ಲರೂ ಹೀಗೇ ಆಡಿಕೊಂಡರೆ? ಕೊನೆಗೆ ಮಾವನ ಕಾರ್ಡೊಂದಕ್ಕೆ ಮಾತ್ರ ತಕ್ಕಡಿ ತೆಗೆದುಬಿಟ್ಟೆ. ಅಂದು ಕಲ್ಲುಮಣ್ಣಿನಲ್ಲಿ ಅವನ ಕೈ ತಪ್ಪಿದ ಚೆಂಡುಗಳನ್ನೆಲ್ಲ ಇಂದಿನ ಹುಲ್ಲಿನ ಮೇಲೆ ತಪ್ಪಿದ ಹಾಗೆ ಇದ್ದದ್ದಿದ್ದಂತೆ ಇಳಿಸಿದೆ. ಮೇಲಿದ್ದವನು ಎಲ್ಲರಿಗಿಂತ ತಳಕ್ಕೆ ಹೋದ. ನನ್ನವರು ಅಂತ ಪಕ್ಷಪಾತ ಮಾಡುವವಳಲ್ಲ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆ ಸೇರಿದವು. ಥೂ, ನನ್ನ ಜನ್ಮಕ್ಕಿಷ್ಟು!

ಬಿಡುಗಡೆಯ ದಿನ ಕಂಪನಿಯ ಯಜಮಾನರು ಹಳೆಯ ಆಟಗಾರರನ್ನೆಲ್ಲ ಆಫೀಸಿನ ಮಹಡಿಗೆ ಕರೆಸಿದ್ದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟಿಗೆ ಪಾಲಿಶ್ ಹಾಕಿ ನನ್ನ ಜೊತೆಗೇ ಹೊರಟ.

“ನನ್ನ ಕಾರ್ಡು ಹೇಗೆ ಬಂದಿದೆಯೇ, ಕೂಸೇ?”

“ಅಲ್ಲೇ ನೋಡ್ತೀಯಲ್ಲ” ಎಂದು ಮಾತು ಹಾರಿಸಿದೆ.

ಅವನನ್ನು ಎಡಚನ ಎದುರು ಕೂರಿಸಿದರು. ಎಡಚ ಎಂದರೆ ಮಾವನ ಕಾಲದಲ್ಲಿ ಎದುರು ತಂಡಕ್ಕೆ ಎಡಗೈಯಲ್ಲಿ ಚೆಂಡೆಸೆಯುತ್ತಿದ್ದವನು. ಆಟ ಶುರುವಾಗಿ, ಎಡಚನ ಕಡೆಯ ಕಾರ್ಡಿನವನು ಹೊಡೆದ ಚೆಂಡು ಮೂರನೆಯ ಬೇಸಿನತ್ತ ಬಂತು. ದಾಳ ಉರುಳಿತು. ಮಾವ ಕನ್ನಡಕ ಏರಿಸಿ ತನ್ನ ಕಾರ್ಡು ನೋಡಿದ. ಕೈ ಜಾರಿದೆ ಎಂದಿತ್ತು. “ಆಗುತ್ತೆ, ಆಗುತ್ತೆ” ಎಂದು ನಕ್ಕ. ಮತ್ತೊಂದು ಚೆಂಡು ಬಂತು, ಅದೂ ಜಾರಿತು. ಇನ್ನೊಂದು ಬಂದಾಗ ದಾಳವನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಹಾಕಿದ. ಜಾರಿತು.

ಎಡಚನಿಗೆ ನಗು ತಡೆಯಲಾಗಲಿಲ್ಲ. “ಏನಪ್ಪಾ ಇದು! ಗೋಡೆ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಇದು ಗೋಡೆ ಅಲ್ಲ ಕಣೋ, ಬಾಗಿಲು. ಅದೂ ಹಾರು ಹೊಡೆದ ಬಾಗಿಲು!”

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನೂ ನಗಲು ನೋಡಿದ. ತುಟಿ ಅಗಲವಾಯಿತೇ ಹೊರತು ನಗು ಬರಲಿಲ್ಲ. ಕಾರ್ಡನ್ನು ಬೆಳಕಿಗೆ ಹಿಡಿದು ಕೇಳಿದ: “ಇದರ ಲೆಕ್ಕ ಹಾಕಿದ್ದು ಯಾರು?”

ಯಜಮಾನರು ಎದೆಯುಬ್ಬಿಸಿ ಹೇಳಿದರು. “ನಿಮ್ಮ ಅಕ್ಕನ ಮಗಳೇ! ಅವಳ ಲೆಕ್ಕ ತಪ್ಪಿದ್ದನ್ನ ನಾವು ಇದುವರೆಗೂ ನೋಡಿಲ್ಲ.”

ಮಾವ ನನ್ನನ್ನು ನೋಡಿದ. “ಹಾಗಾದ್ರೆ ಸರಿಯಾಗೇ ಇರುತ್ತೆ ಬಿಡಿ” ಎಂದ.

ಬಾಯಿಜೋರಿನವಳು ನಾನು, ಆಗ ಬಾಯಿ ತೆಗೆಯಲಿಲ್ಲ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನೀರು ತರುವ ನೆಪ ಮಾಡಿ ಎದ್ದುಹೋದೆ.

ಹೊರಟಾಗ ಮಾವ ಮೆಟ್ಟಿಲ ಕಂಬಿ ಹಿಡಿದು ನಿಧಾನವಾಗಿ ಇಳಿಯುತ್ತಿದ್ದ. ಅರ್ಧ ಇಳಿದು ನಿಂತ.

“ಇಷ್ಟು ವರ್ಷ ಹೋದಲ್ಲಿ ಬಂದಲ್ಲಿ ಹೇಳ್ಕೊಂಡು ತಿರುಗಿದೆ. ನಾಲ್ಕು ಜನ ಹೊಗಳಿದ್ದನ್ನ ನಿಜ ಅಂದ್ಕೊಂಡುಬಿಟ್ಟಿದ್ದೆ ಕಣೇ. ಪಾಪ, ನೀನು ಎಷ್ಟು ಸಲ ಸಾಕು ಮಾವ ಅಂದೆ. ನನಗೇ ಗೊತ್ತಾಗಲಿಲ್ಲ.”

ನನಗೆ ತಡೆಯಲಾಗಲಿಲ್ಲ. ಅಲ್ಲೇ, ಗೋಡೆಗೆ ಒರಗಿಕೊಂಡು ಎಲ್ಲವನ್ನೂ ಒದರಿದೆ. ಚಿತ್ರಗಾರ ಆಡಿದ ಮಾತು, ನಾನು ತೆಗೆದ ತಕ್ಕಡಿ, ಎಲ್ಲರಿಗಿಂತ ಮೇಲೆ ಬಂದಿದ್ದವನು ಅವನೇ ಎಂಬುದು, ಎಲ್ಲ.

ಅವನು ಕಂಬಿಯಿಂದ ಕೈ ತೆಗೆದು ನನ್ನತ್ತ ತಿರುಗಿದ.

“ಅಂದ್ರೆ, ಎಡಚ ನಗ್ತಿದ್ದಾಗ ನಿನಗೆ ಗೊತ್ತಿತ್ತು.”

“ಹೂಂ ಮಾವ.”

“ಸರಿ.”

“ಈಗಲೇ ಮೇಲೆ ಹೋಗಿ ಎಲ್ಲರ ಮುಂದೆ ಹೇಳ್ತೀನಿ. ಕಾರ್ಡು ಮತ್ತೆ ಅಚ್ಚು ಹಾಕಿಸ್ಲಿ” ಎಂದು ಒಂದು ಮೆಟ್ಟಿಲು ಹತ್ತಿಯೂಬಿಟ್ಟೆ.

ಅವನು ನನ್ನ ಕೈ ಹಿಡಿದು ನಿಲ್ಲಿಸಿದ. “ಬೇಡ ಮಗಳೇ. ಬೇಕಂತಲೇ ಲೆಕ್ಕ ಕೆಡಿಸಿದ್ಳು ಅಂತ ಗೊತ್ತಾದ್ರೆ ಆಮೇಲೆ ನಿನ್ನನ್ನ ಯಾರು ನಂಬ್ತಾರೆ? ನಂದೇನು, ಮುಗಿದ ಆಟ. ನಿನ್ನ ಹೆಸರು ಉಳೀಲಿ.”

ಇಲ್ಲ, ಹೇಳೇ ಹೇಳ್ತೀನಿ ಎಂದು ನಾನು ಕೈ ಕೊಸರಿಕೊಳ್ಳಬೇಕಿತ್ತು. ಬದಲಿಗೆ ನನ್ನ ಎದೆಯಿಂದ ದೊಡ್ಡ ಭಾರ ಇಳಿದ ಹಾಗಾಯಿತು. ಸದ್ಯ, ಬಚಾವಾದೆ ಅನ್ನಿಸಿತು. ಆ ನೆಮ್ಮದಿ ಮುಖದಲ್ಲಿ ಕಾಣದಂತೆ ಮಾಡುವಷ್ಟರಲ್ಲಿ ಮಾವ ಅದನ್ನು ನೋಡಿಬಿಟ್ಟಿದ್ದ. ನನ್ನ ಕೈ ಬಿಟ್ಟು, ಕಂಬಿ ಹಿಡಿದುಕೊಂಡು ಉಳಿದ ಮೆಟ್ಟಿಲುಗಳನ್ನು ಒಬ್ಬನೇ ಇಳಿದ.