ಹಂದಿತಲೆಗೆ ಬಗ್ಗದವಳು

ನಮ್ಮ ಮನೆಯಲ್ಲಿ ಊಟ-ಬಾಡಿಗೆಗೆ ಇದ್ದ ದಾಸೋಲ್, ವಿಶ್ವವಿದ್ಯಾಲಯ ಸೇರಿದ ಮೊದಲ ವಾರವೇ ಮುಖವಾಡ ಕುಣಿತದ ಸಂಘಕ್ಕೂ ಸೇರಿಕೊಂಡಳು. ಅಂದಿನಿಂದ ನನಗೆ ನಿದ್ದೆಯಿಲ್ಲ.

ಕುಣಿತದ ಮೇಲೆ ನನಗೇನೂ ಕೋಪವಿರಲಿಲ್ಲ. ಕೋಪವಿದ್ದದ್ದು ಗ್ಯೊಂಗಾ ಮೇಲೆ. ಅವಳು ಸಂಘದ ಹಿರಿಯಳು ಅಂತ ದಾಸೋಲ್ ಹೇಳಿದ್ದಳು. ಬಂದಾಗಲೆಲ್ಲ ಬನ್ನು ತರುತ್ತಿದ್ದಳು. ಅವಳ ಮಾತಿನ ಸಿಹಿಗೆ ನಮ್ಮ ಅಡುಗೆಮನೆಯ ಇರುವೆಗಳೆಲ್ಲ ಸಕ್ಕರೆ ಡಬ್ಬಿ ಬಿಟ್ಟು ಅವಳ ಹಿಂದೆಯೇ ಹೊರಟುಬಿಡುತ್ತಿದ್ದವು.

"ದಾಸೋಲ್, ಒಂದು ಮರ ಬರಿ ನೋಡೋಣ. ನಿನ್ ಮನಸ್ಸಲ್ಲಿ ಏನಿದೆ ಹೇಳ್ತೀನಿ."

ಹೀಗೇ ಮರ ಬರೆಸಿ ಬರೆಸಿ ಪಕ್ಕದ ಬೀದಿಯ ಹುಡುಗಿಯನ್ನು ಸುಳ್ಳು ಪ್ರಾರ್ಥನೆಯ ಗುಂಪೊಂದು ನುಂಗಿತ್ತು. ಅವಳು ಓದು ಬಿಟ್ಟಳು, ಹೆತ್ತವರ ಫೋನನ್ನೂ ಎತ್ತಲಿಲ್ಲ. ಆ ಸುದ್ದಿ ಕೇಳಿದ ದಾಸೋಲಳ ಅಮ್ಮ ನನಗೆ ಹೇಳಿದ್ದಳು: "ಅಂಥ ವಾಸನೆ ಬಂದ್ರೆ ಒಂದು ಫೋನ್ ಮಾಡಿ ಅಕ್ಕಾ. ಅವತ್ತೇ ಬಂದು ಕರ್ಕೊಂಡ್ ಹೋಗ್ತೀನಿ. ಓದಿದ್ದು ಸಾಕು, ಊರಲ್ಲಿ ಮೀನು ಒಣಗಿಸ್ಕೊಂಡಿರ್ಲಿ."

"ಆ ಸಂಘ ಬಿಡೇ," ಅಂದೆ ದಾಸೋಲಳಿಗೆ.

"ಆಗಲ್ಲ ಅಜ್ಜಿ. ಈ ಊರಲ್ಲಿ ನಂಗೆ ಉಸಿರು ಬರೋದೇ ಅಲ್ಲಿ. ಪ್ರದರ್ಶನಕ್ಕೆ ಮುಂಚೆ ಪೂಜೆ ಇದೆ, ನೀವೇ ಬಂದು ನೋಡಿ."

"ಹಂದಿತಲೆ ಇಡ್ತೀರೇನೇ?"

"ಇಡದೆ ಇರ್ತೀವಾ?"

ಹೋದೆ. ಪೂಜೆಯ ಮೇಜಿನ ಮೇಲೆ, ನಮ್ಮ ಕಡೆಯ ಪದ್ಧತಿಯಂತೆ, ಬೇಯಿಸಿದ ಹಂದಿತಲೆ ನಗುತ್ತಿತ್ತು. ನಗದ ತಲೆ ತಂದರೆ ಪ್ರದರ್ಶನ ಕೆಡುತ್ತದೆ ಅಂತ ನಗುವುದನ್ನೇ ಆರಿಸಿ ತಂದಿದ್ದರು. ನನ್ನ ಗಂಡ ಬದುಕಿದ್ದಷ್ಟು ದಿನ ಒಮ್ಮೆಯೂ ಅಷ್ಟು ಚೆನ್ನಾಗಿ ನಕ್ಕವನಲ್ಲ. ಹುಡುಗರು ಒಬ್ಬೊಬ್ಬರಾಗಿ ಅಡ್ಡಬಿದ್ದರು, ದಾಸೋಲಳೂ ಬಿದ್ದಳು. ನನಗೆ ಅರ್ಧ ಜೀವ ಬಂತು. ಬೇರೆ ಪೂಜೆಯೆಲ್ಲ ಪಾಪ ಅನ್ನುವ ಆ ಪ್ರಾರ್ಥನೆ ಗುಂಪಿನವರು ಕುತ್ತಿಗೆ ಕುಯ್ದರೂ ಹಂದಿತಲೆಗೆ ಬಗ್ಗುವವರಲ್ಲ.

ಗ್ಯೊಂಗಾ ಮಾತ್ರ ಫೋಟೋ ತೆಗೆಯುತ್ತಲೇ ಇದ್ದಳು.

"ನೀನೂ ಬಾರಮ್ಮ, ಫೋನ್ ನಾನು ಹಿಡ್ಕೋತೀನಿ," ಅಂದೆ.

"ಮಂಡಿ ನೋವು ಅಜ್ಜಿ."

"ಹಾಗಾದ್ರೆ ನಿಂತೇ ತಲೆ ಬಗ್ಗಿಸು. ಕುತ್ತಿಗೆಗೂ ನೋವಾ?"

ಅವಳ ಮುಖದ ಸಿಹಿಯೆಲ್ಲ ಇಳಿದುಹೋಯಿತು. ಚರ್ಚಿಗೆ ಹೋಗುವ ಹುಡುಗಿಯಾಗಿದ್ದರೆ 'ನಾನು ಬಗ್ಗಲ್ಲ' ಅಂತ ನೇರವಾಗಿ ಹೇಳುತ್ತಿದ್ದಳು. ಇವಳು ಮಂಡಿಯ ಮೇಲೆ ಸುಳ್ಳು ಹೊರಿಸಿದಳು.

ಡೋಲು ಹಿಡಿದಿದ್ದ ಸಂಘದ ಮುಖ್ಯಸ್ಥನನ್ನು ಕೇಳಿದೆ: "ಏನಪ್ಪಾ, ನಿಮ್ಮ ಹಿರಿಯಕ್ಕ ಯಾವಾಗ್ಲೂ ಹೀಗೇನಾ?"

ಅವನು ಕಣ್ಣು ಬಿಟ್ಟ. "ನಮ್ಮ ಹಿರಿಯಕ್ಕನಾ? ಅವ್ರು ದಾಸೋಲ್ ಕಡೆ ಅಕ್ಕ ಅಲ್ವಾ? ದೊಡ್ಡಮ್ಮನ ಮಗಳು ಅಂದಿದ್ರು!"

"ನಂಗೆ ಈ ಸಂಘದವಳೇ ಅಂದಿದ್ಲು..." ಅಂದಳು ದಾಸೋಲ್.

ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಗ್ಯೊಂಗಾ ಮೆಟ್ಟಿಲಿಳಿದಿದ್ದಳು. ನೋವಿನ ಮಂಡಿ ಮೊಲದ ಹಾಗೆ ಓಡಿತು.

ದಾಸೋಲ್ ನನ್ನ ತೋಳು ಹಿಡಿದಳು. "ಅಜ್ಜಿ, ಅಮ್ಮಂಗೆ ಫೋನ್ ಮಾಡ್ತೀರಾ?"

"ಮಾಡ್ದೆ ಬಿಡ್ತೀನಾ?"

ಅವಳೆದುರೇ ಮಾಡಿ, ನಡೆದದ್ದನ್ನೆಲ್ಲ ಹೇಳಿದೆ.

"ಬಂದು ಕರ್ಕೊಂಡ್ ಹೋಗ್ಲಾ ಅಕ್ಕಾ?"

"ಬೇಡ. ಕಳ್ಳಿ ಹೊರಗಿಂದ ಬಂದವಳು, ಸಂಘದವಳಲ್ಲ. ಒಬ್ಳೇ ರೂಮಲ್ಲಿ ಕೂತಿದ್ರೆ ನಿನ್ ಮಗಳು ಇಷ್ಟೊತ್ತಿಗೆ ಹತ್ತು ಕಾಡಿನ ಮರ ಬರೆದು ಮುಗಿಸ್ತಿದ್ಲು. ಇಲ್ಲಿ ಅವಳ ಸುತ್ತ ಇಷ್ಟು ಜನ ಇದಾರೆ."

"ನೋಡ್ಕೋತೀರಾ?"

"ದಿನಾ ಅಭ್ಯಾಸಕ್ಕೆ ಹೋಗಿ ಮುಂದಿನ ಸಾಲಲ್ಲೇ ಕೂರ್ತೀನಿ."

"ದಿನಾನಾ ಅಜ್ಜಿ?" ದಾಸೋಲ್ ನರಳಿದಳು.

ಅಷ್ಟು ಹೊತ್ತಿಗೆ ನನ್ನ ಕಣ್ಣು ಡೋಲಿನವನ ಮೇಲೆ ಬಿದ್ದಿತ್ತು. ದಾಸೋಲಳಿಗೆ ಮುಖವಾಡ ಕಟ್ಟಿಕೊಡುವಾಗ ಅವನು ನಗುತ್ತಿದ್ದ ರೀತಿ ನನಗೆ ಸರಿ ಕಾಣಲಿಲ್ಲ.