ಕಾರು ಬಾರದ ಬೀದಿಯಲ್ಲಿ ಬೆಲ್ಲಿನ ಕಾರುಬಾರು

ಜೋಗುಪಾಳ್ಯದ ಫುಟ್‌ಪಾತಿನ ಮೇಲೆ ಸ್ಕೂಟರ್ ನಿಲ್ಲುತ್ತದೆ, ಗ್ಯಾಸ್ ಸಿಲಿಂಡರ್ ನಿಲ್ಲುತ್ತದೆ, ತರಕಾರಿ ಬುಟ್ಟಿ ನಿಲ್ಲುತ್ತದೆ. ನಡೆಯುವವರು ಮಾತ್ರ ರಸ್ತೆಗೆ ಇಳಿಯಬೇಕು. ಕಣ್ಣಿದ್ದವರಿಗೇ ಕಷ್ಟ. ಮುನಿರಾಜಪ್ಪನವರಿಗೆ ಕಣ್ಣು ಕಾಣುವುದಿಲ್ಲ.

ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯ ಮರುವರ್ಷ ದೃಷ್ಟಿ ಹೋಯಿತು. ಆದರೂ ದಿನಾ ಬೆಳಿಗ್ಗೆ ಏಳಕ್ಕೆ ಬಿಳಿ ಕೋಲು ಹಿಡಿದು, ಒಬ್ಬರೇ ರಸ್ತೆ ದಾಟಿ, ಎದುರಿನ ಅಂಬಣ್ಣನ ಅಂಗಡಿಯಲ್ಲಿ ಟೀ ಕುಡಿದು ಬರುತ್ತಾರೆ. ಕಿವಿಯೇ ಅವರ ಸಿಗ್ನಲ್. ಇದು ಆಟೋ, ಇದು ಬುಲೆಟ್, ಇದು ನೀರಿನ ಟ್ಯಾಂಕರ್. ಸದ್ದು ನಿಂತರೆ ಹೆಜ್ಜೆ.

ಹೋದ ತಿಂಗಳು ಫುಟ್‌ಪಾತಿಗೇ ಹತ್ತಿದ ಸ್ಕೂಟರೊಂದು ತಗುಲಿ ಮೊಣಕೈಗೆ ಆರು ಹೊಲಿಗೆ ಬಿದ್ದವು. ಹೆಂಡತಿ ಅಂಜಿನಮ್ಮ ಅಂದೇ ಖಡಾಖಂಡಿತವಾಗಿ ಹೇಳಿದರು:

"ಇನ್ನೊಂದ್ಸಲ ಏನಾದ್ರೂ ಆಗ್ಲಿ, ಒಬ್ರೇ ಹೊರಗೆ ಹೋಗೋದು ಬಂದ್. ಟೀ ನಾನೇ ಮಾಡ್ಕೊಡ್ತೀನಿ."

"ನಿನ್ ಟೀ ಚೆನ್ನಾಗೇ ಇರತ್ತೆ ಕಣೇ. ಆದ್ರೆ ಅದನ್ನ ಕುಡಿಯೋಕೆ ನಡ್ಕೊಂಡು ಹೋಗೋ ಹಾಗಿಲ್ವಲ್ಲ."

ಶನಿವಾರ ಸಂಜೆ ಶೀಬಾ ಕರಪತ್ರ ಹಿಡಿದು ಬಂದಳು. ಆರೋಗ್ಯ ಕೇಂದ್ರದ ನರ್ಸ್. ಇಂಜೆಕ್ಷನ್ ಕೊಡುವಾಗ ಮಕ್ಕಳು ಅಳದಿರಲೆಂದು ಬೆಕ್ಕು, ಕಾಗೆ, ಬಸ್ ಕಂಡಕ್ಟರ್ ಎಲ್ಲರ ದನಿ ತೆಗೆಯುವವಳು. ಕಂಡಕ್ಟರ್ ದನಿ ಮುನಿರಾಜಪ್ಪನವರದೇ ಎಂದು ಓಣಿಗೆಲ್ಲ ಗೊತ್ತು.

"ಅಂಕಲ್, ನಾಳೆ ಆರರಿಂದ ಹತ್ತರವರೆಗೆ ನಮ್ಮ ಬೀದೀಲಿ ಕಾರಿಲ್ಲ, ಬೈಕಿಲ್ಲ. ಇಂದಿರಾನಗರದಿಂದ ನಲವತ್ತು ಸೈಕಲ್ ಬರತ್ತೆ. ಕಾರು ಬಾರದ ದಿನ ನಮ್ದೇ ಕಾರುಬಾರು!"

"ಇದೆಲ್ಲಾ ದುಡ್ಡಿರೋರ ಶೋಕಿ ಕಣಮ್ಮ," ಎಂದರು ಅಂಜಿನಮ್ಮ.

"ನನ್ ಸೈಕಲ್ ಶಿವಾಜಿನಗರದ ನಜೀರ್ ಭಾಯ್ ಅಂಗಡೀದು ಆಂಟಿ, ಸೆಕೆಂಡ್ ಹ್ಯಾಂಡು. ಹೊಗೆ ಕುಡಿದು ಕೆಮ್ತಾ ಎಷ್ಟು ಮಕ್ಳು ನಮ್ ಸೆಂಟರ್‌ಗೆ ಬರ್ತಾರೆ ಗೊತ್ತಾ? ವಾರಕ್ಕೆ ನಾಲ್ಕು ಗಂಟೆ ಆದ್ರೂ ಮಕ್ಳು ರಸ್ತೇಲಿ ಆಡ್ಲಿ, ದೊಡ್ಡೋರು ನಡೀಲಿ."

ಮುನಿರಾಜಪ್ಪ ಕೇಳಿದರು: "ಸೈಕಲ್‌ಗೆ ಸದ್ದಿರಲ್ಲ. ಬೆಲ್ ಆದ್ರೂ ಇರತ್ತಾ?"

"ಅದೂ ಇಲ್ಲ! ನಾಳೆ 'ಸದ್ದಿಲ್ಲದ ಭಾನುವಾರ'. ಎಲ್ರ ಬೆಲ್ಲೂ ಬಿಚ್ಚಿಸಿ ನಜೀರ್ ಭಾಯ್ ಬಕೆಟ್‌ಗೆ ಹಾಕ್ಸಿದ್ದೀನಿ. ಬೆಲ್ ಇಲ್ದಿದ್ರೇನು ಅಂಕಲ್, ಬೆಲ್ಲದಂಥ ಮಾತಿದೆಯಲ್ಲ!"

ಅಂಜಿನಮ್ಮನೂ ನಕ್ಕರು. ಮುನಿರಾಜಪ್ಪ ನಗಲಿಲ್ಲ.

"ಸದ್ದಿಲ್ದೆ ಬರೋದನ್ನ ನಾನು ಹೆಂಗಮ್ಮ ತಿಳ್ಕೊಳ್ಲಿ?"

ಅಷ್ಟರಲ್ಲಿ ಶೀಬಾ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದಳು.

ಭಾನುವಾರ ಏಳು ಗಂಟೆ. ಅಂಜಿನಮ್ಮ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದರು. ಮುನಿರಾಜಪ್ಪ ರಸ್ತೆಯ ಅಂಚಿಗೆ ಬಂದು ನಿಂತರು. ಎಲ್ಲೋ ಕೋಗಿಲೆ. ಯಾರೋ ಶಟಲ್ ಆಡುವ ಸದ್ದು. ಅಂಬಣ್ಣ ಟೀಯನ್ನು ಎತ್ತರದಿಂದ ಲೋಟಕ್ಕೆ ಸುರಿಯುವುದು ಸಹ ಕೇಳಿಸಿತು. ಎಷ್ಟು ವರ್ಷವಾಗಿತ್ತು ಅದನ್ನು ಈ ಕಡೆಯಿಂದ ಕೇಳಿ! ಅವರ ಮುಖ ಅರಳಿತು. ಕಿವಿಗೊಟ್ಟರು. ಇಂಜಿನ್ ಇಲ್ಲ. ಹೆಜ್ಜೆಯಿಟ್ಟರು.

ಇಳಿಜಾರಿನಲ್ಲಿ ನಲವತ್ತು ಸೈಕಲ್ ಬರುತ್ತಿದ್ದವು. ಮುಂದೆ ಶೀಬಾ.

ತಾರಸಿಯಿಂದ ಅಂಜಿನಮ್ಮ ಕಿರುಚಿದರು: "ರೀ!"

ಮುನಿರಾಜಪ್ಪ ನಡುರಸ್ತೆಯಲ್ಲಿ ಗಲಿಬಿಲಿಗೊಂಡರು. ಹಿಂದಕ್ಕೆ ತಿರುಗಿದರು, ಮತ್ತೆ ಮುಂದಕ್ಕೆ ತಿರುಗಿದರು. ಶೀಬಾಳ ಹೆಬ್ಬೆರಳು ಬೆಲ್ ಹುಡುಕಿತು. ಅಲ್ಲಿ ಬರಿಯ ಹ್ಯಾಂಡಲ್. ಎಡಕ್ಕೆ ಎಳೆದರೆ ಅವರು ಎಡಕ್ಕೇ ಬಂದರೆ? ಬಲಕ್ಕೆ ಎಳೆದರೆ? ಎದೆಯಾಳದಿಂದ ಅವರದೇ ದನಿ ಅವಳ ಬಾಯಿಗೆ ಬಂತು:

"ಹೋಲ್ಡಾನ್!"

ಮೂವತ್ತು ವರ್ಷ ಆ ಮಾತಿನಿಂದಲೇ ಬಸ್ಸು ನಿಲ್ಲಿಸಿದ ಮನುಷ್ಯ ಕಂಬದಂತೆ ನಿಂತುಬಿಟ್ಟರು. ಬ್ರೇಕುಗಳು ಕಿರ್‍ರೆಂದವು. ಹಿಂದೆ ಇಬ್ಬರು ಉರುಳಿಬಿದ್ದರು. ಶೀಬಾಳ ಮುಂದಿನ ಚಕ್ರ ಬಿಳಿ ಕೋಲಿಗೆ ತಾಗಿ ನಿಂತಿತು.

ಅಂಜಿನಮ್ಮ ಓಡಿಬಂದು ಕೋಲನ್ನು ಕಿತ್ತುಕೊಂಡರು. "ಸಾಕು. ಇವತ್ತಿಗೆ ಮುಗೀತು. ನಡೀರಿ ಮನೆಗೆ!"

"ಬೆಲ್ ಬಿಚ್ಚಿದ್ದು ಅವ್ರು," ಎಂದರು ಮುನಿರಾಜಪ್ಪ. "ಕೋಲು ಕಿತ್ಕೊಳ್ಳೋದು ನನ್ ಕೈಯಿಂದಾನಾ?"

ಶೀಬಾ ಸೈಕಲ್ ಇಳಿದಳು.

"ತಪ್ಪು ನಂದು ಆಂಟಿ. ನಿನ್ನೆ ಅಂಕಲ್ ಸರಿಯಾಗೇ ಕೇಳಿದ್ರು. ನಾನು ಜೋಕ್ ಹೊಡ್ದೆ." ಹಿಂದಿದ್ದವರ ಕಡೆ ತಿರುಗಿದಳು. "ಬೆಲ್ ಇಲ್ದೆ ಇನ್ನೊಂದು ಚಕ್ರನೂ ಮುಂದಕ್ಕೆ ಹೋಗಲ್ಲ."

ಪಂಕ್ಚರ್ ಹಾಕಲು ಹಿಂದೆ ಬರುತ್ತಿದ್ದ ನಜೀರ್ ಭಾಯ್ ಕ್ಯಾರಿಯರ್‌ನಿಂದ ಬಕೆಟ್ ಇಳಿಸಿದರು.

"ಬಿಚ್ಚಿ ಅಂತೀರಾ, ಹಾಕಿ ಅಂತೀರಾ! ನಾನೇನು ಸೈಕಲ್ ಮೆಕ್ಯಾನಿಕ್ಕೋ, ಮೂಗುತಿ ಬಿಚ್ಚಿ ಹಾಕೋ ಅಕ್ಕಸಾಲಿಗನೋ?" ಎನ್ನುತ್ತಲೇ ಸ್ಕ್ರೂ ಡ್ರೈವರ್ ತೆಗೆದರು. ಸವಾರರೂ ಕೈಜೋಡಿಸಿದರು.

ಮುನಿರಾಜಪ್ಪ ನಿಂತಲ್ಲೇ ಪಾಠ ಹೇಳಿದರು: "ಜನ ದಾಟೋ ಜಾಗದಲ್ಲಿ ನಿಧಾನ. ದೂರದಲ್ಲೇ ಎರಡು ಸಲ ಬೆಲ್. ಬಿಳಿ ಕೋಲು ಕಂಡ್ರೆ ಕಾಲು ನೆಲಕ್ಕೆ. ಸುಮ್ನೆ ನಿಂತ್ರೆ ನಂಗೆ ಗೊತ್ತಾಗಲ್ಲ. 'ನಿಂತಿದ್ದೀವಿ' ಅಂತ ಬಾಯ್ಬಿಟ್ಟು ಹೇಳಿ."

ಆಮೇಲೆ ಹೆಂಡತಿಯ ತೋಳು ಹಿಡಿದು ರಸ್ತೆಯ ಅಂಚಿಗೆ ಮರಳಿ, ಕೋಲಿಗಾಗಿ ಕೈ ಚಾಚಿದರು. "ಕೊಡೇ."

"ಜೊತೆಗೆ ನಾನೂ ಬರ್ತೀನಿ."

"ಬೇಡ. ಇಲ್ಲಿಂದ್ಲೇ ನೋಡು."

ಅಂಜಿನಮ್ಮನ ಬೆರಳುಗಳು ಕೋಲನ್ನು ಬಿಡಲು ತುಂಬ ಹೊತ್ತು ತೆಗೆದುಕೊಂಡವು.

ಸೈಕಲ್‌ಗಳು ಮತ್ತೆ ಮೇಲೇರಿ ಇಳಿಜಾರಿನಲ್ಲಿ ಬಂದವು. ಟ್ರಿಣ್ ಟ್ರಿಣ್! ಮುನಿರಾಜಪ್ಪ ಕೋಲು ಎತ್ತಿದರು. ನಲವತ್ತು ಬೆಲ್ಲುಗಳು ಒಟ್ಟಿಗೆ ಸುಮ್ಮನಾದವು.

"ನಿಂತಿದ್ದೀವಿ ಅಂಕಲ್!"

ಅಂಜಿನಮ್ಮ ಹೆಜ್ಜೆ ಎಣಿಸಿದರು. ಹನ್ನೊಂದು, ಹನ್ನೆರಡು, ಹದಿಮೂರು. ಹದಿನಾಲ್ಕನೆಯದು ಅಂಬಣ್ಣನ ಅಂಗಡಿಯ ಕಲ್ಲಿನ ಮೇಲೆ ಬಿತ್ತು. ಆ ಕಡೆಯಿಂದ ಹಳೆಯ ಕಂಡಕ್ಟರ್ ದನಿ ಮೊಳಗಿತು: "ರೈಟ್, ರೈಟ್!"

ಸವಾರಿ ಹೊರಟಿತು.

ಅವರು ಟೀ ಕುಡಿದು ವಾಪಸ್ ಬಂದಾಗ ಅಂಜಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಒಬ್ರೇ ಹೋಗಿ ಬನ್ನಿ, ಇನ್ಮೇಲೆ ನಾನು ತಡೆಯಲ್ಲ. ಆದ್ರೆ ನಾಳೆ ಸೋಮವಾರ, ಗಾಡಿಗಳೆಲ್ಲ ಮತ್ತೆ ಬರ್ತವೆ. ನಾಳೆ ಏನ್ಮಾಡ್ತೀರಿ?"

ಗೇಟಿನಲ್ಲಿ ನಿಂತು ಎಲ್ಲ ನೋಡುತ್ತಿದ್ದ ಪಕ್ಕದ ಮನೆಯ ಯಶೋದಮ್ಮ ಹೋಗಿ, ಫುಟ್‌ಪಾತಿನ ಮೇಲಿದ್ದ ತಮ್ಮ ಸ್ಕೂಟರನ್ನು ತಳ್ಳಿಕೊಂಡು ಕಾಂಪೌಂಡಿನೊಳಗೆ ನಿಲ್ಲಿಸಿದರು.

ಇದನ್ನು ಓದುತ್ತಿರುವ ನೀವೂ ನಿಮ್ಮ ಗೇಟಿನ ಮುಂದೆ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ ನಡೆಯಲು ಜಾಗವಿದೆಯೇ? ನಿಮ್ಮ ಬೀದಿಯಲ್ಲಿ ಕಾರಿಲ್ಲದ ಭಾನುವಾರ ಬಂದರೆ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಇಳಿಯಿರಿ. ಸೈಕಲ್ ತುಳಿಯುವವರಾದರೆ ಒಂದು ಮಾತು ನೆನಪಿರಲಿ: ಹಾರನ್ ಗದರಿಸುತ್ತದೆ, ಬೆಲ್ ತಿಳಿಸುತ್ತದೆ. ಕಾರನ್ನು ಮನೆಯಲ್ಲಿ ಬಿಡಿ. ಬೆಲ್ಲನ್ನು ಮಾತ್ರ ಬಿಡಬೇಡಿ.